ಹಕ್ಕಲಿನ ಕಟ್ಟು

ಓಣಿಯ ತಿರುವಿಗೆ ಬಂದ ಕಮಲಾಬಾಯಿಗೆ ಮೊದಲು ಗೊತ್ತಾದದ್ದು ಕತ್ತರಿಗಳ ಸದ್ದು ಇಲ್ಲದ್ದು. ಮಧ್ಯಾಹ್ನ ಎರಡೂವರೆಯ ಹೊತ್ತಿಗೆ ರುಕ್ಮವ್ವನ ಪಡಸಾಲೆಯಲ್ಲಿ ಐದಾರು ಹೆಂಗಸರು ಸಾಲಾಗಿ ಕೂತು ಬೀಡಿ ಎಲೆ ಕತ್ತರಿಸುತ್ತಿರುತ್ತಾರೆ. ಆ ಕಚಕಚ ಓಣಿಯ ಬಾಯಿಗೇ ಕೇಳಿಸಬೇಕು. ಈಗ ಕೇಳಿಸುತ್ತಿದ್ದುದು ಒಂದೇ ದನಿ, ಅದೂ ಎಳೆಯ ದನಿ.

“‘ಮಡಕ್ಯಾಗ ಒಂದ ಹಿಡಿ ಹಿಟ್ಟ ಐತ್ರಿ. ಎರಡ ಕಟಗಿ ಆರಿಸ್ಕೊಂಡ ಹೋಗಿ ರೊಟ್ಟಿ ಬಡೀತೀನಿ. ನಾನೂ ನನ್ನ ಮಗನೂ ತಿಂದ ಸಾಯ್ತೀವಿ’ ಅಂದ್ಲಂತ ಆ ಗಂಡ ಸತ್ತಾಕಿ.”

ಕಮಲಾಬಾಯಿ ಗೋಡೆಯ ಮಗ್ಗುಲಿಂದ ಇಣುಕಿದಳು. ತಾನು ಕೂತು ಓದುವ ಮಣೆಯ ಮೇಲೆ ನೀಲಮ ಕೂತಿದ್ದಳು. ನಾಲ್ಕು ತಿಂಗಳ ಹಿಂದೆ ನಿಪ್ಪಾಣಿಯ ಚರ್ಚಿಗೆ ಬಂದ ಹೊಸ ಪಾಸ್ಟರ್ ರೂಪೇಶನ ಹೆಂಡತಿ, ಸತ್ತಿ ಎಂಬ ಊರಿನ ಹುಡುಗಿ. ಕೈಯಲ್ಲಿ ಪುಸ್ತಕ ಕೂಡ ಇರಲಿಲ್ಲ. ಮೊಬೈಲಿನಲ್ಲಿ ಎರಡು ಸಾಲು ಓದುವುದು, ತಲೆ ಎತ್ತಿ ಅದನ್ನೇ ಮನೆಮಾತಿನಲ್ಲಿ ಹೇಳುವುದು. ಸಕೀನಾಬಿ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು. ರುಕ್ಮವ್ವನ ಕತ್ತರಿ ಎಲೆಯನ್ನು ಅರ್ಧ ಕಚ್ಚಿ ಹಾಗೇ ನಿಂತಿತ್ತು.

ಬೈಬಲಿನ ಈ ಭಾಗವನ್ನು ಕಮಲಾಬಾಯಿ ಹತ್ತೊಂಬತ್ತು ವರ್ಷಗಳಲ್ಲಿ ನಾಲ್ಕು ಸಲ ಓದಿದ್ದಳು. ಒಂದು ಸಲವೂ ಒಂದು ಕತ್ತರಿಯೂ ನಿಂತಿರಲಿಲ್ಲ.

ಎಂಟು ದಿನ ಅವಳು ಚಿಂಚಲಿಯ ಮಗಳ ಮನೆಯಲ್ಲಿದ್ದಳು. ತಂಬಾಕಿನ ಧೂಳಿನಿಂದ ಕೆಮ್ಮು ಗಟ್ಟಿಯಾಗಿ ಹಿಡಿದುಕೊಂಡಿದೆ, ಸ್ವಲ್ಪ ದಿನ ಊರು ಬಿಟ್ಟಿರು ಎಂದು ಡಾಕ್ಟರ್ ಹೇಳಿದ್ದರು. ಅಲ್ಲಿದ್ದ ಎಂಟೂ ದಿನ ಅವಳಿಗೆ ಒಂದೇ ಚಿಂತೆ. ತಾನಿಲ್ಲದೆ ಓದು ನಿಂತುಹೋಗಿರುತ್ತದೆ, ಪಾಪ, ಹೆಂಗಸರು ಕಾಯುತ್ತಿರುತ್ತಾರೆ. ಕೆಮ್ಮು ಪೂರ್ತಿ ವಾಸಿಯಾಗುವ ಮೊದಲೇ ಬಸ್ಸು ಹತ್ತಿ ಬಂದಿದ್ದಳು. ಕಾಯುತ್ತಿದ್ದವರು ಹೀಗೆ ಕಣ್ಣೀರು ಸುರಿಸುತ್ತ ಸುಖವಾಗಿದ್ದರು.

“ಅಯ್ಯ, ಮಾವಶಿ ಬಂದ್ರು” ಎಂದು ನೀಲಮ ತಟ್ಟನೆ ಎದ್ದಳು. “ಬರ್ರಿ ಮಾವಶಿ, ನಿಮ್ಮ ಜಾಗಾ. ಈಗ ಹೆಂಗೈತ್ರಿ ಕೆಮ್ಮ?”

“ನನಗೇನಾಗೇತಿ? ಚಲೋ ಅದೀನಿ” ಎಂದಳು ಕಮಲಾಬಾಯಿ. ಅಷ್ಟು ಹೇಳುವುದರೊಳಗೇ ಕೆಮ್ಮು ಬಂತು.

ಅವಳು ಮಣೆಯ ಮೇಲೆ ಕೂತು ಚೀಲದಿಂದ ಕಪ್ಪು ರಟ್ಟಿನ ಪುಸ್ತಕ ತೆಗೆದಳು. ಕನ್ನಡಕ ಹಾಕಿಕೊಂಡು ಆ ವಿಧವೆಯ ಕಥೆಯನ್ನು ನಿಂತಲ್ಲಿಂದ ಎತ್ತಿಕೊಂಡಳು. ಕಮಲಾಬಾಯಿಯ ಓದು ಹೇಗೆಂದರೆ ರೇಷನ್ ಅಂಗಡಿಯಲ್ಲಿ ಹೆಸರು ಕೂಗಿದ ಹಾಗೆ. ಒಂದು ಅಕ್ಷರ ಬಿಡುವವಳಲ್ಲ, ಒಂದು ಅಕ್ಷರ ಸೇರಿಸುವವಳೂ ಅಲ್ಲ. ಇಂಥವನ ಮಗ ಇಂಥವನು ಎಂಬ ಉದ್ದದ ಪಟ್ಟಿಗಳು ಬಂದರೂ ಎಲ್ಲ ಹೆಸರುಗಳನ್ನೂ ಓದಿಯೇ ಮುಂದೆ ಹೋಗುತ್ತಿದ್ದಳು. ಅಂಥ ದಿನಗಳಲ್ಲಿ ಸಕೀನಾಬಿ ಕೂತಲ್ಲೇ ಒಂದು ಸಣ್ಣ ನಿದ್ದೆ ತೆಗೆಯುತ್ತಿದ್ದಳು. ಈಗ ನಾಲ್ಕನೇ ಸಾಲಿಗೆ ಕೆಮ್ಮು ಒತ್ತರಿಸಿ ಬಂತು, ಐದನೇ ಸಾಲು ಗಂಟಲಲ್ಲೇ ಉಳಿಯಿತು. ಕತ್ತರಿಗಳು ಮಾತ್ರ ಕಚಕಚ ಎಂದು ಶುರುವಾಗಿದ್ದವು.

“ಇರ್ಲಿ ಬಿಡ ಕಮಲವ್ವ” ಎಂದಳು ರುಕ್ಮವ್ವ ನೀರಿನ ಚೊಂಬು ಮುಂದೆ ತಳ್ಳಿ. “ನಾಕ ದಿನ ನೀಲಮನ ಓದ್ಲಿ. ನೀ ಆರಾಮ ಕುಂಡ್ರು.”

“ಯಾಕ, ನಾ ಸತ್ತೀನೇನ?”

ಕಮಲಾಬಾಯಿ ಪುಸ್ತಕ ಮುಚ್ಚಿ ಮಣೆಯಿಂದ ಎದ್ದು ಸಾಲಿನ ಕೊನೆಗೆ, ಸಕ್ಕುಬಾಯಿಯ ಪಕ್ಕದಲ್ಲಿ ಹೋಗಿ ಕೂತಳು. ಸಕ್ಕುಬಾಯಿಯ ಬಲಗೈಗೆ ಮೊಣಕೈತನಕ ಪ್ಲಾಸ್ಟರ್ ಹಾಕಿತ್ತು, ನಳದ ಹತ್ತಿರ ಜಾರಿ ಬಿದ್ದಿದ್ದಳಂತೆ. ಕಮಲಾಬಾಯಿ ಅದನ್ನು ನೋಡಿದಳು. ನೋಡಿದಳು ಅಷ್ಟೇ, ಯಾವಾಗ ಬಿದ್ದಿ, ಮನೆ ಹೇಗೆ ನಡೆಯುತ್ತಿದೆ ಎಂದು ಕೇಳಲಿಲ್ಲ. ಅವಳ ಕಿವಿ ಪೂರ್ತಿ ನೀಲಮನ ಕಡೆಗಿತ್ತು.

ಆ ಮಣೆ ಅವಳಿಗೆ ಸುಮ್ಮನೆ ಬಂದಿರಲಿಲ್ಲ. ಗಂಡ ತೀರಿಕೊಂಡ ವರ್ಷ, ಚರ್ಚಿನ ಹಿಂದಿನ ಬೆಂಚಿನಲ್ಲಿ ಕೂತು ಹಿಂದಿನಿಂದಲೇ ಎದ್ದು ಹೋಗುತ್ತಿದ್ದ ಅವಳನ್ನು ಆಗಿನ ವಯಸ್ಸಾದ ಪಾಸ್ಟರ್ ಕರೆದು, “ನಿನಗ ಓದಾಕ ಬರ್ತೈತಿ, ನಿನ್ನ ಗೆಳತ್ಯಾರಿಗೆ ಬರೂದಿಲ್ಲ. ಅದ ನಿನ್ನ ಸೇವಾ ಅಂತ ತಿಳ್ಕೊ” ಎಂದಿದ್ದರು. ದೇವರಿಗೆ ತನ್ನಿಂದಲೂ ಒಂದು ಕೆಲಸ ಆಗಬೇಕಾಗಿದೆ ಎಂದು ಅಲ್ಲಿಯವರೆಗೆ ಯಾರೂ ಅವಳಿಗೆ ಹೇಳಿರಲಿಲ್ಲ. ಮರುದಿನವೇ ಅವಳು ಪುಸ್ತಕ ಹಿಡಿದುಕೊಂಡು ರುಕ್ಮವ್ವನ ಪಡಸಾಲೆಗೆ ಬಂದಳು. ಕೇಳುವವರಲ್ಲಿ ಚರ್ಚಿಗೆ ಬರುವವರು ಇಬ್ಬರೋ ಮೂವರೋ. ಸಕೀನಾಬಿ ಕಥೆಗಾಗಿ ಬಂದವಳು. ಸಕ್ಕುಬಾಯಿಯ ಮನೆಯಲ್ಲಿ ಬುದ್ಧನ ಫೋಟೊ ಇದೆ, ಅವಳು ಗೆಳತಿಯರಿಗಾಗಿ ಬಂದವಳು.

ತೊಂದರೆ ಒಂದೇ ಇತ್ತು. ಓದುವವಳ ಕೈ ಬೀಡಿ ಕಟ್ಟುವುದಿಲ್ಲ. ಒಂದು ತಾಸು ಓದಿದರೆ ಆ ಒಂದು ತಾಸಿನ ಬೀಡಿ ಹೋಯಿತು. ಹೀಗಿರುವಾಗ ಒಂದು ದಿನ, ಗಂಡ ಸತ್ತ ಸೊಸೆಯೊಬ್ಬಳು ಪರರ ಹೊಲದಲ್ಲಿ ಹಕ್ಕಲು, ಅಂದರೆ ಕೊಯ್ಲಿನಲ್ಲಿ ಬಿದ್ದುಳಿದ ತೆನೆ, ಆಯುವ ಅಧ್ಯಾಯ ಬಂತು. ಹೊಲದ ಯಜಮಾನ ಕೊಯ್ಯುವವರಿಗೆ, ಅವಳ ದಾರಿಯಲ್ಲಿ ಬೇಕೆಂದೇ ಒಂದಿಷ್ಟು ತೆನೆ ಬಿಡಿ ಎಂದು ಹೇಳುತ್ತಾನೆ. ಅದನ್ನು ಕೇಳಿದ ರುಕ್ಮವ್ವ, “ಜ್ವಾಳದ ಹೊಲದಾಗ ನಾನೂ ಹಕ್ಕಲಾ ಆರಿಸೀನಿ. ಬೇಕಂತ ತೆನಿ ಬಿಟ್ಟ ಗೌಡನ್ನ ಮಾತ್ರ ಕಂಡಿಲ್ಲ ಬಿಡು” ಎಂದು ನಕ್ಕು, ತಾನು ಕಟ್ಟಿದ ಬೀಡಿಯ ಒಂದು ಕಟ್ಟನ್ನು ಕಮಲಾಬಾಯಿಯ ಖಾಲಿ ಮೊರಕ್ಕೆ ಹಾಕಿದಳು. ಉಳಿದವರೂ ಹಾಕಿದರು. ಅಂದಿನಿಂದ ಓದುವವಳ ಮೊರಕ್ಕೆ ದಿನವೂ ಒಬ್ಬೊಬ್ಬರದು ಒಂದೊಂದು ಕಟ್ಟು. ಹಕ್ಕಲಿನ ಕಟ್ಟು ಎಂದು ಅದಕ್ಕೆ ಹೆಸರೂ ಬಿತ್ತು.

ಆ ಮೊರ ಈಗ ನೀಲಮನ ಮುಂದಿತ್ತು. ಓದು ಮುಗಿದ ಮೇಲೆ ರುಕ್ಮವ್ವ ಹಾಕಿದಳು, ಸಕೀನಾಬಿ ಹಾಕಿದಳು. ರುಕ್ಮವ್ವನಿಂದ ಎಲೆ ತಂಬಾಕು ಕಡ ತೆಗೆದುಕೊಂಡು ಕೂತಲ್ಲೇ ಕಟ್ಟಿದ ಒಂದನ್ನು ಕಮಲಾಬಾಯಿಯೂ ಹಾಕಬೇಕಾಯಿತು. ಹಾಕಿದವಳೇ ಸೆರಗು ಕೊಡವಿಕೊಂಡು ಎಲ್ಲರಿಗಿಂತ ಮೊದಲು ಎದ್ದು ನಡೆದಳು. ಕಾರ್ಖಾನೆಗೆ ಬೀಡಿ ಕೊಡಲು ಬೇಕಾದ ಕಾರ್ಡು ನೀಲಮನ ಹತ್ತಿರ ಇಲ್ಲ. ಆ ಕಟ್ಟುಗಳನ್ನು ರುಕ್ಮವ್ವ ತನ್ನ ಕಾರ್ಡಿನ ಮೇಲೆ ಕೊಟ್ಟು, ಬಂದದ್ದನ್ನು ನೀಲಮನ ಕೈಗೆ ಹಾಕುತ್ತಾಳೆ ಎಂದು ಕಮಲಾಬಾಯಿ ತಾನೇ ಲೆಕ್ಕ ಹಾಕಿಕೊಂಡಳು. ಪಾಸ್ಟರ್ ಹೆಂಡತಿಗೆ ಬೀಡಿಯ ದುಡಿಮೆ ಬೇರೆ ಬೇಕಾಯಿತೇ ಎಂದು ದಾರಿಯುದ್ದಕ್ಕೂ ಉರಿದುಕೊಂಡಳು.

ಮೂರು ದಿನ ಹೀಗೇ ನಡೆಯಿತು. ಅವಳ ಕೆಮ್ಮು ಇಳಿಯಲಿಲ್ಲ, ನೀಲಮನ ಓದು ನಿಲ್ಲಲಿಲ್ಲ. ಆ ಹುಡುಗಿ ತಪ್ಪು ಮಾಡಲಿ ಎಂದು ಕಮಲಾಬಾಯಿ ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಸಾಲು ಸಾಲಿಗೂ ಬೆರಳಿಡುತ್ತಿದ್ದಳು. ಹೆಸರುಗಳ ಪಟ್ಟಿ ಬಂದಾಗ ನೀಲಮ, “ಇವು ಹೆಸರದಾವ್ರಿ, ನಾಳೆ ನೋಡೂಣು” ಎಂದು ದಾಟಿಸಿಬಿಟ್ಟಳು.

“ದೇವರ ವಾಕ್ಯ ಬಿಟ್ಟ ಓದ್ತಾರೇನ?” ಎಂದು ಕಮಲಾಬಾಯಿ ಕೂಡಲೇ ಹಿಡಿದಳು.

“ನನಗ ಆ ಹೆಸರ ಸರಿ ಹೇಳಾಕ ಬರೂದಿಲ್ರಿ ಮಾವಶಿ. ನೀವ ಓದಿ ತೋರಸ್ರಿ, ಕಲೀತೀನಿ.”

ಸೊಕ್ಕಿನಿಂದ ಮಾತಾಡಿದ್ದರೆ ನಾಲ್ಕು ಮಾತು ಆಡಿ ಹಗುರಾಗಬಹುದಿತ್ತು. ಈ ಹುಡುಗಿ ಅದಕ್ಕೂ ಜಾಗ ಕೊಡುತ್ತಿರಲಿಲ್ಲ.

ರವಿವಾರ ಚರ್ಚಿನಲ್ಲಿ ಪಾಸ್ಟರ್ ರೂಪೇಶ ಪ್ರಸಂಗ ಮುಗಿಸಿ ಪ್ರಕಟಣೆಗಳನ್ನು ಓದಿದ. ಕೊನೆಗೆ ಮುಖ ಅರಳಿಸಿಕೊಂಡು, “ಇನ್ನೊಂದು ಸಂತೋಷದ ವಿಷಯ. ನಮ್ಮ ಬೀಡಿ ಕಟ್ಟುವ ಅಕ್ಕಂದಿರ ನಡುವೆ ಪ್ರತಿದಿನ ದೇವರ ವಾಕ್ಯದ ಸೇವೆ ಆರಂಭವಾಗಿದೆ. ಅದಕ್ಕಾಗಿ ಎಲ್ಲರೂ ಸ್ತೋತ್ರ ಸಲ್ಲಿಸೋಣ” ಎಂದ. ಸಭೆ ಆಮೆನ್ ಎಂದಿತು. ಮುಂದಿನ ಸಾಲಿನಲ್ಲಿ ನೀಲಮ ತಲೆ ಎತ್ತಿ ಗಂಡನ ಕಡೆಗೆ ಏನೋ ಸನ್ನೆ ಮಾಡಿದಳು. ಅವನು ಅಷ್ಟರಲ್ಲಿ ಹಾಡಿನ ಸಂಖ್ಯೆ ಹೇಳುತ್ತಿದ್ದ.

ಆರಂಭವಾಗಿದೆ. ಕಮಲಾಬಾಯಿಗೆ ಆ ಒಂದು ಶಬ್ದ ಕಿವಿಯಲ್ಲಿ ಹೊಕ್ಕು ಹೊಟ್ಟೆಯಲ್ಲಿ ಕೂತಿತು. ಮಳೆಗಾಲ ಬೇಸಿಗೆ ಎನ್ನದೆ, ಮಗಳ ಮದುವೆಯ ಹಿಂದಿನ ದಿನವೂ ಬಿಡದೆ ಓದಿದ ಹತ್ತೊಂಬತ್ತು ವರ್ಷಗಳು ಇದ್ದೇ ಇಲ್ಲ ಎಂದ ಹಾಗಾಯಿತು. ಹಾಡಿಗೆ ಎಲ್ಲರೂ ಎದ್ದು ನಿಂತರು. ಅವಳೂ ನಿಂತಳು, ಬಾಯಿ ಮಾತ್ರ ತೆರೆಯಲಿಲ್ಲ. ನೀಲಮನ ನೀಟಾದ ಜಡೆಯನ್ನೇ ನೋಡುತ್ತ, ಅದನ್ನು ಹಿಡಿದು ಎಳೆಯಬೇಕು ಎನಿಸಿ, ಚರ್ಚಿನಲ್ಲಿ ಇಂಥದ್ದು ಅನಿಸಿತಲ್ಲ ಎಂದು ಹೆದರಿ ಕಣ್ಣು ಮುಚ್ಚಿಕೊಂಡಳು. ಮುಚ್ಚಿದ ಕಣ್ಣಿನೊಳಗೂ ಅದೇ ಜಡೆ ಕಂಡಿತು.

ಸೋಮವಾರ ಬೆಳಿಗ್ಗೆ ಅವಳು ತನ್ನ ಮನೆಯ ಬಾಗಿಲು ಮುಚ್ಚಿಕೊಂಡು ಒಂದು ಕಟ್ಟು ಬೀಡಿ ಬೇರೆಯಾಗಿ ಕಟ್ಟಿದಳು. ಇಪ್ಪತ್ತೈದು ಬೀಡಿ. ಒಳಗೆ ತಂಬಾಕು ಅರ್ಧಕ್ಕಿಂತ ಕಡಿಮೆ, ಉಳಿದದ್ದು ಮೊರದ ತಳದ ಧೂಳು. ಹೊರಗೆ ಎಲೆ ಸುತ್ತಿ ತಲೆ ಮಡಚಿದರೆ ನೋಡಲು ಏನೂ ಕೊರತೆಯಿಲ್ಲ. ದಾರವನ್ನು ಎರಡು ಸುತ್ತು ಹಾಕಿ ಎಡಕ್ಕೆ ಎಳೆದು ಬಿಗಿಯುವುದು ಅವಳ ಅತ್ತೆ ಕಲಿಸಿದ ರೀತಿ. ಕೈ ತಾನಾಗಿ ಹಾಗೇ ಬಿಗಿಯಿತು. ಕಾರ್ಖಾನೆಯ ಚೆಕ್ಕರ್ ಹೆಬ್ಬೆರಳಿನಿಂದ ಒತ್ತಿದ ಕೂಡಲೇ ಇದು ಕುಸಿಯುತ್ತದೆ. ರುಕ್ಮವ್ವ ಬಂದು, ನಿನ್ನ ಕಟ್ಟುಗಳು ತಿಪ್ಪೆಗೆ ಹೋದವು ನೀಲಮ ಎನ್ನಬೇಕು. ಆಗ ಆ ಮುಖ ನೋಡಬೇಕು. ಕಮಲಾಬಾಯಿಗೆ ಬಹಳ ದಿನಗಳ ಮೇಲೆ ಚಹಾ ರುಚಿಯೆನಿಸಿತು.

ಮಧ್ಯಾಹ್ನ ಓದು ಮುಗಿದ ಮೇಲೆ ಆ ಕಟ್ಟನ್ನು ಮೊರಕ್ಕೆ ಹಾಕಿದಳು.

“ಸ್ತೋತ್ರ ಮಾವಶಿ” ಎಂದು ನೀಲಮ ನಕ್ಕಳು.

ಮಂಗಳವಾರ ಬೆಳಿಗ್ಗೆ ಕಾರ್ಖಾನೆಯ ಮುಂದೆ ಹೆಂಗಸರ ಸಾಲು ಎಂದಿನಂತೆ ಉದ್ದವಿತ್ತು. ಹಿಂದಿನ ದಿನ ಕಟ್ಟಿದ್ದನ್ನು ಕೊಟ್ಟು ಹೊಸ ಎಲೆ, ತಂಬಾಕು, ದಾರ ತರುವುದು ಈ ಹೊತ್ತಿಗೇ. ಕಮಲಾಬಾಯಿ ರುಕ್ಮವ್ವನ ಹಿಂದೆಯೇ ನಿಂತಳು. ರುಕ್ಮವ್ವ ಬುಟ್ಟಿ ಬಿಚ್ಚಿದಳು. ಚೆಕ್ಕರ್ ಒಂದೊಂದು ಕಟ್ಟನ್ನು ಎತ್ತಿ, ತಲೆಯ ಮೇಲೆ ಹೆಬ್ಬೆರಳು ಒತ್ತಿ, ಈ ಕಡೆಗೆ ಇಡುತ್ತ ಹೋದ. ಒಂದೂ ಕುಸಿಯಲಿಲ್ಲ. ರುಕ್ಮವ್ವ ಎಲೆ ತೆಗೆದುಕೊಂಡು ಹೊರಗೆ ನಡೆದಳು. ಹಾಗಾದರೆ ಅದು ಎಲ್ಲಿ ಹೋಯಿತು ಎಂದು ಕಮಲಾಬಾಯಿ ತಲೆ ಕೆರೆದುಕೊಳ್ಳುವಾಗ, ಸಾಲಿನ ಪಕ್ಕದಿಂದ ಒಬ್ಬಳು ಎಡಗೈಯಲ್ಲಿ ಸಣ್ಣ ಬುಟ್ಟಿ ಎತ್ತಿಕೊಂಡು ಬಂದಳು. ಕೈಗೆ ಪ್ಲಾಸ್ಟರ್ ಇದ್ದುದರಿಂದ ಎಲ್ಲರೂ ಅವಳನ್ನು ಮುಂದೆ ಬಿಟ್ಟರು. ಸಕ್ಕುಬಾಯಿ.

ಆ ಕೈಯಿಂದ ಬೀಡಿ ಕಟ್ಟಲು ಆಗುವುದಿಲ್ಲ, ಬುಟ್ಟಿಯಲ್ಲಿರುವುದು ಮೊರದ ಕಟ್ಟುಗಳೇ ಎಂದು ಕಮಲಾಬಾಯಿಗೆ ಹೊಳೆಯಿತು. ನೀಲಮ ಒಂದು ದಿನವೂ ಮೊರವನ್ನು ತಾನು ಇಟ್ಟುಕೊಂಡಿರಲಿಲ್ಲ. ಅದು ಹೋಗುತ್ತಿದ್ದುದು ಸಕ್ಕುಬಾಯಿಗೆ. ಎಲ್ಲರಿಗಿಂತ ಮೊದಲು ಎದ್ದು ಬಂದವಳಿಗೆ ಅದು ಗೊತ್ತಾಗುವುದು ಹೇಗೆ?

ಮೂರನೇ ಕಟ್ಟಿಗೆ ಚೆಕ್ಕರ್‌ನ ಹೆಬ್ಬೆರಳು ಒಳಗೆ ಹೋಯಿತು. ಅವನು ಒಂದು ಬೀಡಿ ಮುರಿದು ಅಂಗೈಯಲ್ಲಿ ಉದುರಿಸಿ ಧೂಳನ್ನು ಊದಿದ.

“ಏನಿದು? ಕಸಾ ತುಂಬ್ಕೊಂಡ ಬಂದೀಯಲ್ಲ.”

ಅವನು ಆ ಕಟ್ಟನ್ನು ಹಿಂಡಿ ಮೂಲೆಯ ಡಬ್ಬಕ್ಕೆ ಎಸೆದ. ಕೆಟ್ಟ ಬೀಡಿ ಆರಿಸಿ ಎಸೆಯುವುದಕ್ಕೆ ಇಲ್ಲಿ ಛಾಟ ಎನ್ನುತ್ತಾರೆ. ಒಮ್ಮೆ ಸಿಟ್ಟು ಬಂದರೆ ಅವನ ಛಾಟ ಒಂದಕ್ಕೆ ನಿಲ್ಲುವುದಿಲ್ಲ. ಉಳಿದವುಗಳಲ್ಲೂ ಎರಡು ಕಟ್ಟು ಎಸೆದ. ಅವು ಸಕೀನಾಬಿಯವೋ ರುಕ್ಮವ್ವನವೋ, ಅವುಗಳಲ್ಲಿ ಒಂದು ದೋಷವೂ ಇರಲಿಲ್ಲ.

“ಕೈಗೆ ಪ್ಲಾಸ್ಟರ್ ಐತಿ, ಬೀಡಿ ಯಾರ ಕಟ್ಟ್ಯಾರ?”

ಸಕ್ಕುಬಾಯಿ ಡಬ್ಬದ ಕಡೆಗೆ ನೋಡುತ್ತಿದ್ದಳು. ಹಿಂಡಿ ಎಸೆದ ಕಟ್ಟಿನ ದಾರ ಅಂಚಿಗೆ ನೇತಾಡುತ್ತಿತ್ತು. ಅದನ್ನು ಸ್ವಲ್ಪ ಹೊತ್ತು ನೋಡಿ, ತಲೆ ತಿರುಗಿಸಿ ಸಾಲಿನಲ್ಲಿದ್ದ ಕಮಲಾಬಾಯಿಯನ್ನು ನೋಡಿದಳು. ಕಮಲಾಬಾಯಿ ತನ್ನ ಬುಟ್ಟಿಯ ಮೇಲಿನ ಬಟ್ಟೆಯನ್ನು ಸರಿಮಾಡತೊಡಗಿದಳು. ಅದು ನಂದ್ರಿ ಎನ್ನಲು ನಾಲ್ಕು ಅಕ್ಷರ ಸಾಕಾಗಿತ್ತು. ಸಾವಿರ ಹೆಸರು ಓದಿದ ಬಾಯಿಗೆ ಅಷ್ಟು ಬರಲಿಲ್ಲ.

“ನಾನ ಕಟ್ಟೀನ್ರಿ, ಎಡಗೈಲೆ” ಎಂದಳು ಸಕ್ಕುಬಾಯಿ. “ತಪ್ಪಾತ್ರಿ.”

ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಚೆಕ್ಕರ್ ನಗಲಿಲ್ಲ. “ಇನ್ನೊಮ್ಮಿ ಹಿಂಗಾದ್ರ ಕಾರ್ಡ್ ಕಸ್ಕೋತೀನಿ ನೋಡು” ಎಂದು ಬುಟ್ಟಿಯನ್ನು ತಳ್ಳಿದ.

ಕಮಲಾಬಾಯಿ ತನ್ನದನ್ನು ಕೊಟ್ಟು ಹೊರಬಂದಾಗ ಸಕ್ಕುಬಾಯಿ ಕಾರ್ಖಾನೆಯ ಗೋಡೆಯ ನೆರಳಿನಲ್ಲಿ ಕಾಯುತ್ತಿದ್ದಳು. ಇಬ್ಬರೂ ಸ್ವಲ್ಪ ದೂರ ನಡೆದರು.

“ಅಕ್ಕಾ, ಆ ಕಟ್ಟ ನಿಂದು” ಎಂದಳು ಸಕ್ಕುಬಾಯಿ.

“ಯಾವ ಕಟ್ಟ?”

“ಎರಡ ಸುತ್ತ ಹಾಕಿ ಎಡಕ್ಕ ಜಗ್ಗತಿ ನೀ. ನಮ್ಮ ಸಾಲಿನ್ಯಾಗ ಮತ್ಯಾರೂ ಹಂಗ ಬಿಗ್ಯೂದಿಲ್ಲ.”

“ನನ್ನ ದಾರದ ಕಟ್ಟ ನೀ ಎಲ್ಲೆ ನೋಡಿದಿ?”

“ಎಲ್ಲೆ ನೋಡಿದ್ನಾ?” ಸಕ್ಕುಬಾಯಿ ನಿಂತಳು. “ನನ್ನ ಮಗ ಸುರಜನ ಅಪ್ಪ ಲಗಮಪ್ಪ ತೀರ್ಕೊಂಡಾಗ ಎರಡ ತಿಂಗಳ ನನ್ನ ಕೈ ಬೀಡಿ ಮುಟ್ಟಲಿಲ್ಲ. ಬೀಡಿ ಕೊಡದಿದ್ರ ಕಾರ್ಡಿನ ಮ್ಯಾಲಿನ ಹೆಸರ ಹೊಡದ ಹಾಕ್ತಾರಂತ ಎಲ್ಲಾರೂ ಅಂತಿದ್ರು. ನೀ ಪುಸ್ತಕ ಮುಚ್ಚಿಟ್ಟಿ. ಓದೂ ಹೊತ್ತಿನ್ಯಾಗ ನನ್ನ ಮಗ್ಗಲಾಗ ಕುಂತ ನನ್ನ ಪಾಲಿನ ಬೀಡಿ ಕಟ್ಟಿದಿ. ದಿನಾ ಮುಂಜಾನಿ ಆ ಕಟ್ಟ ಚೆಕ್ಕರನ ಮುಂದ ಇಟ್ಟಾಕಿ ನಾನು. ಅಂವ ಎಷ್ಟ ಒತ್ತಿದ್ರೂ ಒಂದೂ ಬಗ್ಗಲಿಲ್ಲ. ಆ ದಾರಾ ಮರಿಯಾಕ ಆಗ್ತೈತೇನ ನನಗ?”

ಕಮಲಾಬಾಯಿ ಆ ಎರಡು ತಿಂಗಳನ್ನು ಮರೆತಿರಲಿಲ್ಲ. ನೆನಪಿದ್ದುದು ಬೇರೆಯ ರೀತಿ. ವಾಕ್ಯ ಯಾಕೆ ನಿಲ್ಲಿಸಿದಿ ಎಂದು ಆಗಿನ ಪಾಸ್ಟರ್ ಕೇಳಿದ್ದರು. ಹತ್ತೊಂಬತ್ತು ವರ್ಷಗಳ ಸೇವೆಯಲ್ಲಿ ಅದೊಂದೇ ಕೊರತೆ ಎಂದು ಎಷ್ಟೋ ಸಲ ಮೊಣಕಾಲೂರಿ ಕ್ಷಮೆ ಬೇಡಿದ್ದಳು.

“ಆವಾಗ ನನ್ನ ಸೇವಾ ನಿಂತಿತ್ತಲ್ಲ ಸಕ್ಕು” ಎಂದಳು.

“ನಿಂತಿತ್ತೋ ನಡದಿತ್ತೋ ನಿಮ್ಮ ಚರ್ಚಿನವ್ರಿಗೆ ಗೊತ್ತು. ನಿನ್ನ ಮಗ್ಗಲಾಗ ಹತ್ತೊಂಬತ್ತ ವರ್ಷ ಕುಂತೀನಿ. ನೀ ಓದಿದ್ದರಾಗ ಏನೇನ ನೆನಪೈತಿ ಅಂತ ಮಾತ್ರ ಕೇಳಬ್ಯಾಡ. ಆ ಎರಡ ತಿಂಗಳ ನೆನಪೈತಿ.”

“ಮತ್ತ ಚೆಕ್ಕರನ ಮುಂದ ನನ್ನ ಹೆಸರ ಯಾಕ ಹೇಳ್ಲಿಲ್ಲ?”

“ಏನಂತ ಹೇಳ್ಲಿ? ನಮ್ಮ ಕಮಲಕ್ಕನ ಹೊಟ್ಟ್ಯಾಗ ಕಿಚ್ಚ ಬಿದ್ದೈತ್ರಿ, ಧೂಳ ಅದರದ್ದ ಅಂತ ಹೇಳ್ಲೇನ?” ಸಕ್ಕುಬಾಯಿಯ ತುಟಿಯ ಮೇಲೆ ನಗು ಬಂದು ಹೋಯಿತು. ಕಣ್ಣಲ್ಲಿ ಮಾತ್ರ ಇರಲಿಲ್ಲ. ಅವಳು ಬುಟ್ಟಿಯನ್ನು ಮೊಣಕೈಗೆ ಏರಿಸಿಕೊಂಡು ತನ್ನ ಓಣಿಗೆ ತಿರುಗಿದಳು.

ಆ ಮಧ್ಯಾಹ್ನ ಕಮಲಾಬಾಯಿಗೆ ಪಡಸಾಲೆಗೆ ಹೋಗುವ ಧೈರ್ಯ ಇರಲಿಲ್ಲ. ಹೋಗದಿರುವ ಧೈರ್ಯವೂ ಇರಲಿಲ್ಲ. ಎಲ್ಲರಿಗಿಂತ ಮೊದಲು ಹೋಗಿ ಸಾಲಿನ ಕೊನೆಯಲ್ಲಿ ಕೂತು ಎಲೆ ಕತ್ತರಿಸತೊಡಗಿದಳು. ಪುಸ್ತಕವನ್ನು ಚೀಲದಿಂದ ತೆಗೆಯಲೇ ಇಲ್ಲ. ಒಬ್ಬೊಬ್ಬರಾಗಿ ಬಂದರು. ಸಕ್ಕುಬಾಯಿಯೂ ಬಂದು ಎಂದಿನಂತೆ ಪಕ್ಕದಲ್ಲಿ ಕೂತಳು.

ನೀಲಮ ಬಂದವಳು ಮಣೆಯ ಮೇಲೆ ಕೂರದೆ ನೇರವಾಗಿ ಕಮಲಾಬಾಯಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತಳು. “ಮಾವಶಿ, ರವಿವಾರ ನಮ್ಮನಿಯವ್ರು ತಪ್ಪ ಹೇಳಿದ್ರು. ನಾ ಅವತ್ತ ಅಂದೀನಿ, ಇದು ಸುರುವಾಗಿ ಹತ್ತೊಂಬತ್ತ ವರ್ಷ ಆಗೇತ್ರಿ, ಮಾವಶಿ ಸುರು ಮಾಡ್ಯಾರ ಅಂತ. ಬರೂ ರವಿವಾರ ಅದನ್ನ ಹೇಳ್ತಾರಂತ. ಇವತ್ತ ನೀವ ಓದ್ರಿ.”

ಕಮಲಾಬಾಯಿ ಅವಳನ್ನು ನೋಡಿದಳು. ಇಷ್ಟು ಚೆನ್ನಾಗಿ ಓದುವುದಲ್ಲದೆ ಒಳ್ಳೆಯವಳೂ ಆಗಿದ್ದಾಳಲ್ಲ ಎಂದು ಮತ್ತೆ ಒಮ್ಮೆ ಹೊಟ್ಟೆ ಉರಿಯಿತು.

“ನೀನ ಓದವ್ವ” ಎಂದಳು. “ನನಗ ಕೈ ತುಂಬ ಕೆಲಸ ಐತಿ.”

ನೀಲಮ ಮಣೆಗೆ ಹೋಗಿ ಮೊಬೈಲು ತೆರೆದಳು. ಕತ್ತರಿಗಳು ಕಚಕಚ ಎನ್ನುತ್ತಿದ್ದವು. ಕಮಲಾಬಾಯಿ ಇನ್ನೊಂದು ಎಲೆ ತೆಗೆದುಕೊಂಡು ತಂಬಾಕು ತುಂಬಿ ಉರುಳಿಸಿದಳು, ಗಂಟಲು ಸರಿಮಾಡಿಕೊಂಡಳು. ನೀಲಮ ಓದಲು ಬಾಯಿ ತೆರೆಯುವ ಮೊದಲು, ತಲೆ ಎತ್ತದೆ, ಕೆಮ್ಮಿನಿಂದ ಒಡೆದುಹೋದ ಆ ದನಿಯಲ್ಲೇ ಹೇಳಿದಳು:

“ಇವತ್ತ ಮುಂಜಾನಿ ಸಕ್ಕುನ ಬುಟ್ಟ್ಯಾಗ ಛಾಟ ಬಿದ್ದ ಕಟ್ಟ ನಂದು. ಬೇಕಂತ ಧೂಳ ತುಂಬಿದ್ದೆ. ಮೊರಾ ನೀಲಮಗ ಹೋಗ್ತೈತಂತ ತಿಳದಿದ್ದೆ.”

ಕತ್ತರಿಗಳು ನಿಂತವು. ಮೊದಲು ರುಕ್ಮವ್ವನದು, ಆಮೇಲೆ ಸಕೀನಾಬಿಯದು, ಆಮೇಲೆ ಉಳಿದವು. ಹತ್ತೊಂಬತ್ತು ವರ್ಷಗಳಲ್ಲಿ ಕಮಲಾಬಾಯಿಯ ಮಾತಿಗೆ ಆ ಪಡಸಾಲೆ ಅಷ್ಟು ನಿಶ್ಶಬ್ದವಾದದ್ದು ಅದೇ ಮೊದಲು. ಅವಳು ಅದನ್ನು ಗಮನಿಸಲಿಲ್ಲ. ಬೀಡಿಯ ತಲೆ ಮಡಚಿ, ಅದನ್ನು ಉಳಿದವುಗಳ ಜೊತೆಗೆ ಸೇರಿಸಿ, ದಾರವನ್ನು ಎರಡು ಸುತ್ತು ಹಾಕಿ ಎಡಕ್ಕೆ ಎಳೆದಳು.

ನೀಲಮ ಮೊಬೈಲನ್ನು ತೊಡೆಯ ಮೇಲೆ ಬೋರಲಾಗಿ ಇಟ್ಟಳು.

ಸಕ್ಕುಬಾಯಿ ಎಡಗೈ ಚಾಚಿ ಆ ಕಟ್ಟನ್ನು ಕಮಲಾಬಾಯಿಯ ತೊಡೆಯ ಮೇಲಿಂದ ಎತ್ತಿಕೊಂಡಳು. ತಿರುಗಿಸಿ ದಾರ ನೋಡಿದಳು. ತಲೆಯ ಮೇಲೆ ಹೆಬ್ಬೆರಳಿಟ್ಟು, ಚೆಕ್ಕರ್ ಒತ್ತುವ ಹಾಗೆ, ಬಲವಾಗಿ ಒತ್ತಿದಳು. ಅದು ಬಗ್ಗಲಿಲ್ಲ. ಇನ್ನೊಮ್ಮೆ ಒತ್ತಿ, ಹಕ್ಕಲಿನ ಮೊರಕ್ಕೆ ಹಾಕಿದಳು.

“ಓದವ್ವ ನೀಲಮಾ” ಎಂದಳು ರುಕ್ಮವ್ವ, ಕತ್ತರಿ ಎತ್ತಿಕೊಂಡು.